ನೀರುಳ್ಳಿಯೊಳಗಿನ ನೀರು

“ಉಳ್ಳಾಗಡ್ಡಿಗೆ ನೀರುಳ್ಳಿ ಅಂತಾರಂತ ನನಗೇನ್ ಕನಸು ಬಿದ್ದಿತ್ತೇನ್ರಿ?”

ದಾಕ್ಷಾಯಣಿ ಮೇಜು ಗುದ್ದಿದ ರಭಸಕ್ಕೆ ಚಹಾದ ಕಪ್ಪು ಹಾರಿ ಮಗುಚಿತು. ನಿಯಂತ್ರಣ ಕೊಠಡಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಪರದೆಯೊಳಗೆ ತಲೆ ಹುದುಗಿಸಿದರು.

“ಕನಸು ಬೀಳಬೇಕಾಗಿರಲಿಲ್ಲ ಮೇಡಂ. ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು. ಕರಾವಳಿಯೂ ಕರ್ನಾಟಕದಲ್ಲೇ ಇದೆ” ಎಂದ ನಿರ್ದೇಶಕ ರಘುನಂದನ. ಅವನು ಬೆಂಗಳೂರಿನವನು. ಸಿಟ್ಟು ಬಂದಾಗ ದನಿ ಏರಿಸುವುದಿಲ್ಲ, ಇಳಿಸುತ್ತಾನೆ. ದಾಕ್ಷಾಯಣಿಗೆ ಮೈ ಉರಿಯುತ್ತಿದ್ದುದೇ ಅದಕ್ಕೆ.

“ಅಲ್ರಿ, ತಪ್ಪಾಗೇತಿ ಅಂತ ಒಪ್ಕೊಂಡೆ. ತಿದ್ದತೀನಿ ಅಂದೆ. ಅದಕ್ಕ ಅಕ್ಷರಾನಽ ಕಿತ್ತು ಒಗೀತೀನಿ ಅಂದ್ರ?”

“ಅಕ್ಷರ ಕೀಳ್ತಿಲ್ಲ. ಮಾತು ಕೀಳ್ತಿದೀನಿ. ಜನ ಇನ್ನು ಟೈಪ್ ಮಾಡೋದು ಬೇಡ. ಪ್ಯಾನೆಲ್‌ನಲ್ಲಿ ನಾಲ್ಕು ಸಾವಿರ ಐಕಾನ್ ಇದೆ, ಬೇಕಾದ್ದನ್ನ ಒತ್ತಲಿ. ಪ್ರಪಂಚವೆಲ್ಲ ಹಾಗೇ ಮಾಡ್ತಿದೆ.”

“ಪ್ರಪಂಚ ಉಳ್ಳಾಗಡ್ಡಿ ಮಾರಂಗಿಲ್ಲ!”

ಗೋಡೆಯ ದೊಡ್ಡ ಪರದೆಯ ಮೇಲೆ ಹೊಳೆಬಾಗಿಲು ಪೇಟೆಯ ತರಕಾರಿ ಮಾರುಕಟ್ಟೆ ಕಾಣುತ್ತಿತ್ತು. ಕುಂದಾಪುರದಾಚೆ, ಹೊಳೆ ಸಮುದ್ರ ಸೇರುವಲ್ಲಿ ಇರುವ ಸಣ್ಣ ಊರು ಅದು. ಮಾಡಿನ ಕೆಳಗಿನ ಕೊಳವೆಗಳೆಲ್ಲ ಬಾಯಿ ಬಿಟ್ಟು ನೀರು ಕಾರುತ್ತಿದ್ದವು. ಹೆಂಗಸರು ಬುಟ್ಟಿ ಹೊತ್ತು ಓಡುತ್ತಿದ್ದರು. ಒಣಮೀನಿನ ರಾಶಿಯೊಂದು ಮತ್ತೆ ಈಜಲು ಹೊರಟಂತೆ ಕಾಲುವೆಯತ್ತ ಸಾಗಿತ್ತು.

ಇದೆಲ್ಲ ಆದದ್ದು ಜೀವಶಾಯಿಯಿಂದ. ಮೊದಲು ಅದೇನೆಂದು ಹೇಳಿಬಿಡುತ್ತೇನೆ, ಆಮೇಲೆ ಜಗಳ ಮುಂದುವರಿಯಲಿ.

ಆ ಶಾಯಿಯಲ್ಲಿ ಮೂರು ಬಗೆಯ ಪುಡಿ. ಬೆಳಕು ಉಂಡು ವಿದ್ಯುತ್ತು ಮಾಡುವುದೊಂದು, ಅದನ್ನು ಹರಿಸುವುದೊಂದು, ತಡೆಯುವುದೊಂದು. ಅದರಿಂದ ಅಚ್ಚು ಹಾಕಿದ ಚಿತ್ರದಲ್ಲಿ ಗೆರೆಯೇ ತಂತಿ. ದೀಪದ ಐಕಾನು ಅಚ್ಚಾದರೆ ಕಾಗದ ಬೆಳಗುತ್ತದೆ. ಗಂಟೆಯ ಐಕಾನು ಬಾರಿಸುತ್ತದೆ. ನಲ್ಲಿಯ ಐಕಾನು ಹತ್ತಿರದ ಕೊಳವೆಯ ಬಿರಡೆಗೆ ‘ಬಿಚ್ಚು’ ಎಂದು ಸನ್ನೆ ಕಳಿಸುತ್ತದೆ. ಯಂತ್ರ ಬೇಡ, ಗುಂಡಿ ಬೇಡ, ಎಲೆಕ್ಟ್ರಿಷಿಯನ್ ಬೇಡ. ಒಂದು ಕಾಗದ, ಒಂದು ಪ್ರಿಂಟರು, ‘ಕುಂಚ’ ಎಂಬ ವಿನ್ಯಾಸ ತಂತ್ರಾಂಶ.

ಐಕಾನುಗಳೂ ಫಾಂಟಿನೊಳಗೇ ಇರುತ್ತವೆ. ಅ, ಆ, ಇ ಕುಳಿತ ಹಾಗೆ ಅವೂ ತಂತಮ್ಮ ಮನೆಯಲ್ಲಿ ಕುಳಿತಿರುತ್ತವೆ. ಅಚ್ಚಿಗೆ ಬರುವ ಇಂಥ ಪ್ರತಿಯೊಂದು ರೂಪಕ್ಕೂ ಗ್ಲಿಫ್ ಎನ್ನುತ್ತಾರೆ. ಹೊರದೇಶದ ಫಾಂಟುಗಳಲ್ಲಿ ಪ್ಯಾನೆಲ್ ತೆರೆದು, ಸಾವಿರಾರು ಗ್ಲಿಫ್‌ಗಳಲ್ಲಿ ಬೇಕಾದ್ದನ್ನು ಹುಡುಕಿ ಒತ್ತಬೇಕು. ಗದಗಿನ ಜೀವಶಾಯಿ ಕೇಂದ್ರದಲ್ಲಿ ದಾಕ್ಷಾಯಣಿ ಕಟ್ಟಿದ ಫಾಂಟು ಬೇರೆ ತರಹ. ಅದಕ್ಕೆ ಅವಳು ‘ಕಪ್ಪತ’ ಎಂದು ಹೆಸರಿಟ್ಟಿದ್ದಳು, ಕಪ್ಪತಗುಡ್ಡದ ಹೆಸರು. ಅದರಲ್ಲಿ ಹುಡುಕುವುದೇ ಇಲ್ಲ. ‘ದೀಪ’ ಎಂದು ಟೈಪ್ ಮಾಡು, ಅಕ್ಷರಗಳು ಕೂಡಿ ದೀಪದ ಚಿತ್ರವಾಗುತ್ತವೆ. ‘ನೀರು’ ಎನ್ನು, ನಲ್ಲಿಯಾಗುತ್ತದೆ. ನಮ್ಮಲ್ಲಿ ಕಕಾರಕ್ಕೆ ಷಕಾರ ಒತ್ತು ಕೊಟ್ಟರೆ ‘ಕ್ಷ’ ಎಂಬ ಹೊಸ ರೂಪವೇ ಹುಟ್ಟುವುದಿಲ್ಲವೆ? ಅದೇ ಉಪಾಯ. ಒಂದು ಮಾತಿಡೀ ಒತ್ತಕ್ಷರದ ಹಾಗೆ ಒಂದೇ ಗ್ಲಿಫ್ ಆಗುತ್ತದೆ.

ಜನ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡರು. ದೀಪಾ ಎಂಬ ಹುಡುಗಿಯ ಮದುವೆಯ ಕಾರ್ಡಿನಲ್ಲಿ ಮದುಮಗಳ ಹೆಸರು ತಾನಾಗಿ ಬೆಳಗಿತು, ಪಕ್ಕದಲ್ಲಿ ಒಂದು ದೀರ್ಘ ಅನಾಥವಾಗಿ ನಿಂತಿತು. ಬೀಗರು ಖುಷಿಪಟ್ಟರು. ಅದು ತಪ್ಪು ಎಂದು ಆಗ ಯಾರಿಗೂ ಹೊಳೆಯಲಿಲ್ಲ, ದಾಕ್ಷಾಯಣಿಗೂ ಸಹ.

ಹೊಳೆಬಾಗಿಲಿನಲ್ಲಿ ಅದೇ ತಪ್ಪು ದೊಡ್ಡದಾಗಿ ಬಂತು. ಅಲ್ಲಿಗೆ ಜೀವಶಾಯಿ ಹೊಸದಾಗಿ ಹೋಗಿತ್ತು. ಅಂಗಡಿಯವರೆಲ್ಲ ಬೆಲೆಯ ಫಲಕ ಮಾಡಿಕೊಂಡರು. ಎಲ್ಲರ ಫಲಕದಲ್ಲೂ ‘ನೀರುಳ್ಳಿ’. ಕಪ್ಪತ ಅದರೊಳಗಿನ ‘ನೀರು’ ಕಂಡದ್ದೇ ನಲ್ಲಿ ಮಾಡಿತು, ಮಿಕ್ಕ ‘ಳ್ಳಿ’ಯನ್ನು ಬಾಲದ ಹಾಗೆ ಬಿಟ್ಟಿತು. ಮಾರುಕಟ್ಟೆ ತೊಳೆಯುವ ಕೊಳವೆಗಳ ಬಿರಡೆಗೆ ಒಟ್ಟಿಗೇ ಅಷ್ಟೊಂದು ನಲ್ಲಿಗಳು ‘ಬಿಚ್ಚು, ಬಿಚ್ಚು’ ಎಂದು ಕೂಗಿದರೆ ಅದು ಪಾಪ ಏನು ಮಾಡೀತು?

“ನಾಳೆ ಅಣೆಕಟ್ಟಿನ ಪಕ್ಕ ಯಾರೋ ನೀರುದೋಸೆ ಹೋಟ್ಲು ಇಡ್ತಾರೆ. ಬೋರ್ಡ್ ಹಾಕ್ತಾರೆ. ಆಗ?” ಎಂದ ರಘುನಂದನ.

ದಾಕ್ಷಾಯಣಿ ದನಿ ಇನ್ನೂ ಜೋರು ಮಾಡಿದಳು.

“ಒಂದ್ ಅವಕಾಶ ಕೊಡ್ರಿ. ಅದಽ ಮಾರ್ಕೆಟ್‌ನಾಗ, ಅದಽ ಮಂದಿ ಮುಂದ. ನಿಮ್ಮ ಪ್ಯಾನೆಲ್ಲೂ ಇರ್ಲಿ, ನನ್ನ ಕಪ್ಪತಾನೂ ಇರ್ಲಿ. ಮಂದಿ ಹೇಳ್ಲಿ ಯಾವುದು ಅಂತ.”

“ಬರೋ ಅಮಾವಾಸ್ಯೆ ಆದ್ಮೇಲೆ ಐಕಾನ್ ಪ್ಯಾನೆಲ್‌ಗೆ ಸಹಿ ಬೀಳತ್ತೆ. ಅಷ್ಟರೊಳಗೆ ತಿದ್ತೀರಾ? ಸೋತ್ರೆ ಕಪ್ಪತ ಎಲ್ಲ ಯಂತ್ರದಿಂದ್ಲೂ ಅಳಿಸಿ ಹೋಗತ್ತೆ. ಅಳಬಾರದು.”

“ಅಳೂದಾ? ಸೋತ್ರ ನೀವಽ ಹೊರಗ ನೂಕ್ರಿ. ಗೆದ್ದೆನೋ, ನಾನಽ ಹೊರಗ ಹೊಂಟೆ. ನಿಮ್ಮಂಥಾವ್ರ ಕೈಕೆಳಗ ಇರಂಗಿಲ್ಲ. ಮಾತು ಅಂದ್ರ ಮಾತು!”

ಅಷ್ಟು ಹೇಳಿ ಬಾಗಿಲತ್ತ ನಡೆದಳು. ಆ ಬಾಗಿಲ ಮೇಲೆ ರಘುನಂದನ ತರಿಸಿದ ಹೊರದೇಶದ ಐಕಾನಿತ್ತು, ಓಡುವ ಮನುಷ್ಯ, ಪಕ್ಕದಲ್ಲಿ ಬಾಣ. ಬಾಣ ಮುಟ್ಟಿದರೆ ತೆರೆಯುತ್ತಿತ್ತು. ಮನುಷ್ಯನನ್ನು ಮುಟ್ಟಿದರೆ ಒಳಗೆ ಜನ ಇದ್ದಾರೆಂದು ಬೀಗ ಬೀಳುತ್ತಿತ್ತು. ಸಿಟ್ಟಿನಲ್ಲಿ ಅವಳು ಮನುಷ್ಯನ ಎದೆಗೇ ಗುದ್ದಿದಳು. ಬೀಗ ಬಿತ್ತು. ಮತ್ತೆ ಬಾಣ ಹುಡುಕಿ ಮುಟ್ಟಿ ಹೊರಗೆ ಹೋಗುವಷ್ಟರಲ್ಲಿ ಬೈಗುಳದ ಅರ್ಧ ಸೊಗಸು ಹಾಳಾಗಿತ್ತು.

ಬೆಟಗೇರಿಯಲ್ಲಿ ಅವಳ ಗಂಡ ಮಹಾರುದ್ರಪ್ಪನ ಖಾನಾವಳಿ. ಅವಳು ಬಂದು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅವನಿಗೆ ಸುದ್ದಿ ತಿಳಿಯಿತು.

“ನಲ್ಲಿಳ್ಳಿ ಕಿಲೋಕ್ಕ ಹೆಂಗವ್ವಾ?” ಎಂದು ಕೇಳಿದ, ಗಲ್ಲಾದ ಮೇಲೆ ಕುಳಿತಲ್ಲಿಂದಲೇ. ಊರೆಲ್ಲ ಆಗಲೇ ಆ ಮಾತನ್ನು ಆಡಿಕೊಳ್ಳುತ್ತಿತ್ತು.

“ಬಾಯಿ ಮುಚ್ಚು. ನಿನ್ನ ಬೋರ್ಡು ಏನ್ ಕಡಿಮಿ?”

ಅದೂ ನಿಜ. ಹಿಂದಿನ ಬೇಸಿಗೆಯಲ್ಲಿ ಅವನು ‘ಬಿಸಿಲು ಭಾಳ ಐತಿ, ತಣ್ಣನ ಮಜ್ಜಿಗಿ ಕುಡೀರಿ’ ಎಂದು ಅಚ್ಚು ಹಾಕಿಸಿ ಮಜ್ಜಿಗೆಯ ಕೊಡಕ್ಕೆ ಅಂಟಿಸಿದ್ದ. ಕಪ್ಪತ ‘ಬಿಸಿಲು’ ಎಂಬುದರೊಳಗಿನ ‘ಬಿಸಿ’ ಹಿಡಿಯಿತು. ಮಜ್ಜಿಗೆ ಕುದಿದು ಒಡೆಯಿತು. ಗಂಡ ಹೆಂಡತಿ ನಕ್ಕು ಸುಮ್ಮನಾಗಿದ್ದರು. ಆಗಲೇ ಎಚ್ಚರಾಗಬೇಕಿತ್ತು, ಆಗಲಿಲ್ಲ.

“ಸರಳ ಐತಲ್ಲ. ಮಾತಿನ ಹಿಂದ ಮುಂದ ಜಾಗ ಇದ್ರ ಅಷ್ಟಽ ಚಿತ್ರ ಮಾಡು ಅನ್ನು. ನೀರು ಅಂತ ಒಂಟಿ ನಿಂತಿದ್ರ ನಲ್ಲಿ. ಬಾಲ ಇದ್ರ ಇಲ್ಲ” ಎಂದ ಮಹಾರುದ್ರಪ್ಪ.

“ಇಂಗ್ಲಿಷಿನಾಗ ಅದು ನಡೀತೈತಿ. ನಮ್ಮ ಮಾತು ಒಂಟಿ ನಿಂದರತಾವೇನು? ನೀರಿಗೆ, ನೀರಿನ, ನೀರನ್ನ. ಬಾಲ ಇಲ್ಲದ ಮಾತು ಯಾರ್ ಬರೀತಾರ? ‘ನೀರಿಗೆ ದಾರಿ ಬಿಡು’ ಅಂತ ಬರದ್ರ ಚಿತ್ರಾನಽ ಬರಂಗಿಲ್ಲ. ಮಂದಿ ಕಪ್ಪತಾನ ತಿಪ್ಪಿಗೆ ಒಗೀತಾರ.”

ಅವಳು ಕೈಕಾಲು ತೊಳೆದು ಒಲೆಯ ಮುಂದೆ ಕುಳಿತಳು. ತಲೆ ಕೆಟ್ಟಾಗ ರೊಟ್ಟಿ ಬಡಿಯುವುದು ಅವಳ ಚಟ. ಮಧ್ಯಾಹ್ನದ ಗಿರಾಕಿಗಳು ತುಂಬಿದ್ದರು. ಬಡಿಸುವ ಈರಪ್ಪ ಒಬ್ಬರ ತಾಟಿನಲ್ಲಿ ರೊಟ್ಟಿಯನ್ನು ಪಲ್ಯದ ಮೇಲೆಯೇ ಹಾಕಿದ. ಮಹಾರುದ್ರಪ್ಪ ರೇಗಿದ.

“ಲೇ, ರೊಟ್ಟಿಗೆ ಪಲ್ಯ ಹಾಕು ಅಂದ್ರ ಪಲ್ಯಕ್ಕ ರೊಟ್ಟಿ ಹಾಕತೀಯಲ್ಲೋ! ಯಾವುದಕ್ಕ ಯಾವುದು ಅಂತ ತಿಳಿಯಂಗಿಲ್ಲೇನು ನಿನಗ?”

ದಾಕ್ಷಾಯಣಿಯ ಕೈ ರೊಟ್ಟಿಯ ಮೇಲೆ ನಿಂತಿತು.

ಎರಡೂ ಮಾತಿನಲ್ಲಿ ಅದೇ ರೊಟ್ಟಿ, ಅದೇ ಪಲ್ಯ. ‘ಗೆ’ (‘ಕ್ಕ’ ಎಂದರೂ ಅದೇ) ಎಂಬ ಬಾಲ ಯಾವುದಕ್ಕೆ ಅಂಟಿದೆ ಎಂಬುದರ ಮೇಲೆ ಇಡೀ ಕೆಲಸವೇ ತಿರುಗಾಮುರುಗಾ ಆಗುತ್ತದೆ. ಇಷ್ಟು ದಿನ ಅವಳು ಬಾಲವನ್ನು ಕಸ ಎಂದುಕೊಂಡಿದ್ದಳು. ಕೆಲಸವೆಲ್ಲ ಇದ್ದದ್ದು ಬಾಲದಲ್ಲೇ!

ಕೈ ಮತ್ತೆ ಆಡತೊಡಗಿತು. ಬಡಿತಕ್ಕೆ ಸರಿಯಾಗಿ ಬಾಯಿಂದ ತಾನಾಗಿ ಹೊರಟಿತು, ಹಳ್ಳಿಯ ಶಾಲೆಯಲ್ಲಿ ಮಾಸ್ತರರು ಬೆತ್ತದ ತಾಳಕ್ಕೆ ಹೇಳಿಸುತ್ತಿದ್ದ ಅದೇ ರಾಗ. “ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ!”

ಮೂಲೆಯಲ್ಲಿ ಉಣ್ಣುತ್ತಿದ್ದ ಲಾರಿ ಡ್ರೈವರನೊಬ್ಬ ತಲೆ ಎತ್ತಿ ಹಲ್ಲು ಬಿಟ್ಟ. “ಪ್ರಥಮಾ ಉ, ದ್ವಿತೀಯಾ ಅನ್ನು...” ಎಂದು ಎತ್ತಿಕೊಂಡ. ಅವನ ಪಕ್ಕದ ಮುದುಕ, “ತೃತೀಯಾ ಇಂದ” ಎಂದ. ಆಮೇಲೆ ಹೇಳುವುದೇ ಬೇಡ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಖಾನಾವಳಿಗೆ ಖಾನಾವಳಿ ವಿಭಕ್ತಿ ಹೇಳಿತು. ರಾಮನು, ರಾಮನನ್ನು, ರಾಮನಿಂದ! ಶಾಲೆ ಬಿಟ್ಟು ಇಷ್ಟು ವರ್ಷವಾದರೂ ಒಬ್ಬನೂ ತಪ್ಪಲಿಲ್ಲ.

“ಕಲಿಸೂದು ಬ್ಯಾಡ ರೀ! ಮಂದಿಗೆ ಕಲಿಸೂದಽ ಬ್ಯಾಡ! ಎಲ್ಲಾರಿಗೂ ಬರತೈತಿ!” ಎಂದು ದಾಕ್ಷಾಯಣಿ ಎದ್ದು ನಿಂತು ಕೂಗಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು.

“ರೊಟ್ಟಿ ರೊಕ್ಕಾ ನಿನ್ನ ಪಗಾರದಾಗ ಹಿಡೀತೀನಿ” ಎಂದ ಗಂಡ. ಆದರೆ ಅವನೂ ನಗುತ್ತಿದ್ದ.

ಮರುದಿನದಿಂದ ಅವಳು ಕೇಂದ್ರದಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ, ಯಾರೂ ಅವಳ ತಂಟೆಗೆ ಹೋಗಲಿಲ್ಲ. ಪ್ರತಿ ಐಕಾನಿಗೂ ಬಾಲಕ್ಕೊಂದರಂತೆ ಬೇರೆ ಬೇರೆ ರೂಪ ಬರೆದಳು. ನೋಡುವ ಕಣ್ಣಿಗೆ ನಲ್ಲಿ ನಲ್ಲಿಯೇ, ಒಳಗಿನ ಗೆರೆಯ ದಪ್ಪ ಮಾತ್ರ ಬೇರೆ. ‘ನೀರನ್ನು’ ಎಂದರೆ ತಂದುಕೊಡು. ‘ನೀರಿನಿಂದ’ ಎಂದರೆ ಅದನ್ನು ಬಳಸಿ ಕೆಲಸ ಮಾಡು. ‘ನೀರಿಗೆ’ ಎಂದರೆ ಅದು ಹೋಗಲು ಎಡೆ ಮಾಡಿಕೊಡು. ‘ನೀರಿನ’ ಎಂದರೆ ಮುಂದಿನ ಮಾತಿನ ಜೊತೆ ಗಂಟು ಹಾಕು. ‘ನೀರಿನಲ್ಲಿ’ ಎಂದರೆ ಅದರೊಳಗೆ ಏನಿದೆ ಅಳೆದು ಹೇಳು, ಬೇರೇನೂ ಮುಟ್ಟಬೇಡ.

ಬರೀ ‘ನೀರು’? ಅದಕ್ಕೆ ಅವಳು ಕೆಲಸವನ್ನೇ ಕೊಡಲಿಲ್ಲ. ಹೆಸರು ಹೇಳಿದ ಮಾತ್ರಕ್ಕೆ ಯಾರೂ ಎದ್ದು ಓಡಬೇಕಿಲ್ಲ. ಚಿತ್ರವಾಗಿ ಸುಮ್ಮನೆ ಕೂತಿರಲಿ. ಬಾಲವೇ ಅಲ್ಲದ್ದು ಅಂಟಿದ್ದರೆ ಚಿತ್ರವೂ ಬೇಡ. ‘ಳ್ಳಿ’ ಯಾವ ವಿಭಕ್ತಿಯೂ ಅಲ್ಲ, ಆದ್ದರಿಂದ ನೀರುಳ್ಳಿ ತರಕಾರಿಯಾಗಿಯೇ ಉಳಿಯಿತು. ‘ದೋಸೆ’ಯೂ ಅಲ್ಲ. ‘ಲು’ ಕೂಡ ಅಲ್ಲ, ಬಿಸಿಲು ಬಿಸಿಲೇ ಆಯಿತು.

ಒಂದು ಬಾಲ ಮಾತ್ರ ಅವಳನ್ನು ಸತಾಯಿಸಿತು. ‘ದೆಸೆಯಿಂದ.’ ಶಾಲೆಯಲ್ಲಿ ಉರು ಹೊಡೆಸುತ್ತಾರೆ, ಆಮೇಲೆ ಬದುಕಿರುವತನಕ ಒಬ್ಬರೂ ಆಡುವುದಿಲ್ಲ. ಮಾತಿನಲ್ಲಿ ‘ಇಂದ’ವೇ ಅದರ ಕೆಲಸವನ್ನೂ ಮಾಡುತ್ತದೆ. ಕೈಬಿಡೋಣವೆಂದು ಒಮ್ಮೆ ಅಳಿಸಿದಳು. ಅಳಿಸಿದ ಮೇಲೆ ಮನಸ್ಸಿಗೆ ಸರಿಬರಲಿಲ್ಲ. ದೆಸೆ ಎಂದರೆ ದಿಕ್ಕು. ಆ ದಿಕ್ಕಿನಿಂದ ಬರುತ್ತಿದೆ, ನೋಡಿಕೋ. ಹಾಗೆಂದು ಹೇಳುವ ಬಾಲ ಇನ್ನೊಂದಿಲ್ಲ. ಆ ದಿಕ್ಕಿಗೆ ಮುಖ ಮಾಡಿ ತಡೆದು ನಿಲ್ಲು ಎಂಬ ಕೆಲಸ ಕೊಟ್ಟು ಅದನ್ನು ಮತ್ತೆ ಸೇರಿಸಿದಳು. ಯಾರೂ ಬಳಸಲಿಕ್ಕಿಲ್ಲ, ಇರಲಿ ಎಂದುಕೊಂಡಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಹೊಳೆಬಾಗಿಲು ಮಾರುಕಟ್ಟೆಯಲ್ಲಿ ಎರಡು ಮೇಜು ಹಾಕಿದ್ದರು. ಒಂದರ ಮೇಲೆ ರಘುನಂದನನ ಐಕಾನ್ ಪ್ಯಾನೆಲ್, ಇನ್ನೊಂದರ ಮೇಲೆ ಕಪ್ಪತ. ಜನ ಸೇರಿದ್ದರು, ಆದರೆ ಮುಖ ಗಂಟಿಕ್ಕಿಕೊಂಡು. ಎಲ್ಲರಿಗಿಂತ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವಳು ಅಕ್ಕು ಪೂಜಾರ್ತಿ. ತರಕಾರಿ ಮಾರುವವಳು. ಅವತ್ತು ಕಾಲುವೆಗೆ ತೇಲಿಹೋದ ಒಣಮೀನು ಅವಳ ತಂಗಿಯದೇ.

“ಹೋಯ್, ನೀವೇ ಅಲ್ದಾ ನಲ್ಲಿ ಬಿಟ್ಟವ್ರ್? ಎಂತ ಧೈರ್ಯ ನಿಮ್ದ್, ಮತ್ತ್ ಬಂದ್ರ್ಯಲೆ!”

“ನಾನಽ. ಬೈಯೂದಿದ್ರ ಬೈರಿ, ಆಮ್ಯಾಲ ಕೆಲಸ ನೋಡ್ರಿ” ಎಂದಳು ದಾಕ್ಷಾಯಣಿ.

“ನಿಮ್ಮೂರಂಗ್ ನೀರುಳ್ಳಿಗ್ ಎಂತ ಹೇಳ್ತ್ರಿ?”

“ಉಳ್ಳಾಗಡ್ಡಿ.”

ಅಕ್ಕು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. “ಉಳ್ಳಾಗಡ್ಡಿಯಾ! ಗಡ್ಡ ಬಂದಿತ್ತಾ ಅದ್ಕೆ?” ಮಾರುಕಟ್ಟೆಯೂ ನಕ್ಕಿತು. ದಾಕ್ಷಾಯಣಿಗೆ ಸಿಟ್ಟು ಬಂತು, ಆದರೂ ಹಗುರಾಯಿತು. ನಗುವವರು ಕಲ್ಲು ಎಸೆಯುವುದಿಲ್ಲ.

ರಘುನಂದನ ನಿಯಮ ಹೇಳಿದ. “ನಿಮಗೆ ಇಲ್ಲಿ ದಿನಾ ಇರೋ ಒಂದು ತೊಂದರೆ ಹೇಳಿ. ಅದಕ್ಕೆ ಫಲಕ ನೀವೇ ಮಾಡ್ಬೇಕು. ನಾವ್ಯಾರೂ ಕೈ ಹಾಕಲ್ಲ.”

ತೊಂದರೆ ಹುಡುಕಬೇಕಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಸಮುದ್ರದ ಭರತ ಏರಿದಾಗ ಹೊಳೆಯ ಉಪ್ಪುನೀರು ಚರಂಡಿಯಲ್ಲಿ ಹಿಂದಕ್ಕೆ ನುಗ್ಗಿ ಮಾರುಕಟ್ಟೆಯೊಳಗೇ ಬರುತ್ತಿತ್ತು. ಚರಂಡಿಯ ಬಾಯಿಗೆ ಪುರಸಭೆ ಒಂದು ಬಾಗಿಲೇನೋ ಹಾಕಿತ್ತು, ಅದನ್ನು ಹಾಕುವವರು ತೆಗೆಯುವವರು ಯಾರೂ ಇರಲಿಲ್ಲ. ಇವತ್ತೂ ಮಧ್ಯಾಹ್ನಕ್ಕೆ ಭರತ ಇತ್ತು.

“ಮೊದ್ಲ್ ನಿಮ್ಮ ಚಿತ್ರದ್ದೇ ಕಾಂಬೊ” ಎಂದು ಅಕ್ಕು ಪ್ಯಾನೆಲ್ಲಿನ ಮುಂದೆ ಕುಳಿತಳು. ಐಕಾನುಗಳ ಸಾಲು ಉರುಳಿತು. ಎಲೆ, ವಿಮಾನ, ಗಾಲಿಕುರ್ಚಿ, ಹೃದಯ, ಮೀನು. ಮೀನು ಕಂಡಲ್ಲಿ ಸ್ವಲ್ಪ ನಿಂತಳು. ಕೊನೆಗೂ ಅಲೆಯ ಚಿತ್ರ ಸಿಕ್ಕಿತು. ಅದನ್ನು ತಡೆಯಬೇಕಲ್ಲ, ನಿಲ್ಲು ಎನ್ನುವ ಅಂಗೈಯ ಚಿತ್ರ ಹುಡುಕಿ ಪಕ್ಕದಲ್ಲಿಟ್ಟಳು. ಅಚ್ಚು ಹಾಕಿ ಕಂಬಕ್ಕೆ ಅಂಟಿಸಿದಳು.

ಆ ಪ್ಯಾನೆಲ್ ಮಾಡಿದವರ ಊರಿನಲ್ಲಿ ಅಲೆಯ ಪಕ್ಕ ಅಂಗೈ ಎಂದರೆ ಕೈ ತೊಳೆಯುವ ಜಾಗ. ಮಾಡಿನ ಕೊಳವೆಗಳು ಒಮ್ಮೆ ಗೊರಗೊರ ಎಂದವು. ಅಷ್ಟೆ. ಅಕ್ಕುವಿನ ತಲೆಯ ಮೇಲೆಯೇ ಧೋ ಎಂದು ಸುರಿಯಿತು.

“ಹಡ್ಬಿಟ್ಟಿ ಚಿತ್ರ! ಬ್ಯಾಡ ಅಂದ್ರೆ ಕೊಡ್ತಿತ್ತಲೆ!”

ಈ ಸಲ ನಕ್ಕವಳು ದಾಕ್ಷಾಯಣಿ. ನಗಬಾರದೆಂದು ಗೊತ್ತಿತ್ತು, ತಡೆಯಲಾಗಲಿಲ್ಲ. ರಘುನಂದನ ತಾನೇ ಓಡಿ ಹೋಗಿ ಫಲಕ ಕಿತ್ತ. ಅವನ ಅಂಗಿಯೂ ತೊಯ್ದು ಮೈಗೆ ಅಂಟಿತು.

ಅಕ್ಕು ಸೆರಗು ಹಿಂಡಿಕೊಂಡು ಕಪ್ಪತದ ಮುಂದೆ ಕುಳಿತಳು. “ಇದ್ರಂಗ್ ಎಂತ ಒತ್ತೂದ್?”

“ಒತ್ತೂದಿಲ್ಲ. ಏನ್ ಆಗಬೇಕು ಅದನ್ನ ಬರೀರಿ. ಶಾಲಿಯಾಗ ಬರೀತಿದ್ರಿ ನೋಡ್ರಿ, ಹಂಗ.”

ಮೊದಲು ಅವಳು ಬೇಕೆಂತಲೇ ‘ನೀರುಳ್ಳಿ’ ಎಂದು ಟೈಪ್ ಮಾಡಿದಳು. ನೀರುಳ್ಳಿ ನೀರುಳ್ಳಿಯಾಗಿಯೇ ಪರದೆಯ ಮೇಲೆ ನಿಂತಿತು. ಅಚ್ಚು ಹಾಕಿಸಿ ಕಂಬಕ್ಕೆ ಹಚ್ಚಿದರು. ಎಲ್ಲರೂ ತಲೆ ಎತ್ತಿ ಕೊಳವೆ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದರು. ಒಂದು ಹನಿಯೂ ಬೀಳಲಿಲ್ಲ.

“ತಾಳಿ. ಯಾರಾದ್ರೂ ಕಾಗುಣಿತ ತಪ್ಪಿ ‘ನೀರುಲ್ಲಿ’ ಅಂತ ಬರೆದ್ರೆ? ‘ಅಲ್ಲಿ’ ನಿಮ್ಮ ಲಿಸ್ಟಲ್ಲಿದೆ ಅಲ್ವಾ?” ಎಂದ ರಘುನಂದನ. ಅವನು ಸುಮ್ಮನೆ ಬಿಡುವವನಲ್ಲ, ಏನೂ ಓದದೆ ಬಂದವನೂ ಅಲ್ಲ.

“ನೀರು ಅಲ್ಲಿ ಕೂಡಿದ್ರ ನೀರಲ್ಲಿ ಆಗತೈತಿ. ಉಕಾರ ಬಿದ್ದಽ ಹೋಗಬೇಕು. ನೀರುಲ್ಲಿ ಅನ್ನೂದು ಯಾವ ಸಂಧಿಯಾಗ ಬರತೈತ್ರಿ? ಬರದು ನೋಡ್ರಿ.”

ಅವನು ಬರೆಸಿ ನೋಡಿದ. ಏನೂ ಆಗಲಿಲ್ಲ. ‘ನೀರಲ್ಲಿ’ ಎಂದು ಬರೆಸಿದ. ಸಣ್ಣ ನಲ್ಲಿಯ ಚಿತ್ರ ಮೂಡಿ, ಪಕ್ಕದ ಕೊಡದಲ್ಲಿ ಉಪ್ಪು ಎಷ್ಟಿದೆ ಎಂದು ಹೇಳಿ ಸುಮ್ಮನಾಯಿತು. ರಘುನಂದನ ತೊಯ್ದ ಕನ್ನಡಕ ಒರೆಸಿಕೊಂಡ.

ಅಷ್ಟರಲ್ಲಿ ಅಕ್ಕು ಕೀಲಿಮಣೆಯ ಮೇಲೆ ಒಂದೇ ಬೆರಳಿನಿಂದ ಕುಟ್ಟುತ್ತಿದ್ದಳು. ಬರೆಯುವಾಗ ಅವಳ ಮಾತಿನ ಧಾಟಿ ಬದಲಾಗಿತ್ತು. ಆಡುವಾಗ ಊರಿಗೊಂದು ಕನ್ನಡವಾದರೂ ಬರೆಯಲು ಕುಳಿತರೆ ಎಲ್ಲರೂ ಒಂದೇ ಶಾಲೆಯ ಮಕ್ಕಳಾಗುತ್ತಾರೆ. ಅವಳು ಬೆರಳು ನಿಲ್ಲಿಸಿ ಯೋಚಿಸಿದಳು.

“ಹೊಳಿ ಬದಿಯಿಂದ ಬಪ್ಪುದನ್ನ್ ತಡೆಯುಕ್ ಎಂತ ಬರೆಯೂದ್? ಇಂದ ಅಂದ್ರೆ ಹೊಳೀನೇ ಕೆಲ್ಸಕ್ ಹಚ್ಚಿದಂಗೆ ಆತಿಲ್ಲ್ಯಾ?”

ಉತ್ತರ ದಾಕ್ಷಾಯಣಿಯ ನಾಲಗೆಯ ತುದಿಗೇ ಬಂತು. ಹೇಳಿಕೊಡಬಾರದೆಂಬುದು ನಿಯಮ. ಬಾಯಿ ಬಿಗಿಹಿಡಿದು ನಿಂತಳು. ಆದರೆ ಗುಂಪು ಸುಮ್ಮನಿರಲಿಲ್ಲ. ಹಿಂದಿನಿಂದ ಬಾಳೆಕಾಯಿ ಮಾರುವವನೊಬ್ಬ ರಾಗ ಎಳೆದ. ಇನ್ನೊಬ್ಬಳು ಕೂಡಿಕೊಂಡಳು. ಉ, ಅನ್ನು, ಇಂದ, ಗೆ...

“ದೆಸೆಯಿಂದ!” ಎಂದು ಅಕ್ಕು ತೊಡೆ ತಟ್ಟಿದಳು. “ಇಷ್ಟ್ ವರ್ಷಕ್ಕ್ ಒಂದ್ ದಿನ ಉಪ್ಕಾರಕ್ ಬಂತ್ ಕಾಣಿ, ಬಡ್ಡಿಮಗಂದ್!”

ಅವಳು ಬರೆದದ್ದು ಇಷ್ಟೆ. ‘ಹೊಳೆಯ ದೆಸೆಯಿಂದ ಬಾಗಿಲಿನ ಕಾವಲು. ಇಳಿದ ನೀರಿಗೆ ದಾರಿ.’

ಅಕ್ಷರಗಳು ಅಲ್ಲಲ್ಲೇ ಕೂಡಿ ಹೊಳೆ, ಬಾಗಿಲು, ನಲ್ಲಿ, ದಾರಿಯಾದವು. ಅಚ್ಚಾದ ಹಾಳೆಯನ್ನು ಅವಳು ಚರಂಡಿಯ ಬಾಯಿಗೆ, ಬಾಗಿಲಿನ ಪಕ್ಕದ ಗೋಡೆಗೆ ಒತ್ತಿ ಹಚ್ಚಿದಳು. ಜನ ಚರಂಡಿಯ ಎರಡೂ ದಂಡೆಯಲ್ಲಿ ನಿಂತು ಕಾದರು. ಹೊತ್ತು ನೆತ್ತಿಗೆ ಬಂತು. ಹೊಳೆ ಉಬ್ಬತೊಡಗಿತು. ಕಸಕಡ್ಡಿ ಹಿಂದಕ್ಕೆ ತೇಲುತ್ತ ಬಂದದ್ದು ಮೊದಲು ಕಂಡಿತು, ಆಮೇಲೆ ಕೆಸರು ಬಣ್ಣದ ನೀರು.

ಬಾಗಿಲು ಅಲುಗಾಡಲಿಲ್ಲ.

ದಾಕ್ಷಾಯಣಿ ದಂಡೆಯಿಂದ ಬಗ್ಗಿ ಹಾಳೆಯ ಗೆರೆ ನೋಡಿದಳು. ಅಳಿಸಿ ಮತ್ತೆ ಸೇರಿಸಿದ ಬಾಲ ಅದು. ಒಂದು ಗೆರೆ ತೆಳ್ಳಗಾಗಿದ್ದರೂ ಮುಗಿಯಿತು. ಕಪ್ಪತ ಹೋಯಿತು, ಮಂದಿಯ ಬಾಯಲ್ಲಿ ಇನ್ನು ಕೊನೆತನಕ ನಲ್ಲಿಳ್ಳಿಯೇ.

ನೀರು ಹೊಸ್ತಿಲಿಗೆ ತಾಗಿತು. ಕಿರ್ ಎಂದಿತು ಬಾಗಿಲು. ವರ್ಷಗಟ್ಟಲೆ ತುಕ್ಕು ತಿಂದದ್ದು ಮೈ ಮುರಿದು, ಹೊಳೆಯ ಕಡೆಗೇ ಮುಖ ಮಾಡಿ, ಧಡ್ ಎಂದು ಮುಚ್ಚಿಕೊಂಡಿತು. ಆಚೆ ಹೊಳೆ ಗುದ್ದಿತು. ಈಚೆ ಚರಂಡಿ ಒಣಗಿಯೇ ಇತ್ತು. ಒಂದು ಹೆಗ್ಗಣ ಮಾತ್ರ ಗಾಬರಿಬಿದ್ದು ಓಡಿತು.

ಮಾರುಕಟ್ಟೆ ಒಂದೇ ಗಂಟಲಿನಿಂದ ಕೂಗಿತು. ಬಾಳೆಕಾಯಿಯವನು ತಲೆಯ ಮುಂಡಾಸು ಬಿಚ್ಚಿ ಗಾಳಿಗೆ ಎಸೆದ. ಅಕ್ಕು ಪೂಜಾರ್ತಿ ದಾಕ್ಷಾಯಣಿಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. “ಏ ಉಳ್ಳಾಗಡ್ಡಿ! ನೀ ಗೆದ್ದೆ ಮಾರಾಯ್ತಿ!”

ಸಂಜೆಯ ಮುಂಚೆ ಭರತ ಇಳಿದಾಗ ಬಾಗಿಲು ತಾನಾಗಿ ತೆರೆದು ಒಳಗಿನ ಕೊಳಕು ನೀರಿಗೆ ದಾರಿ ಬಿಟ್ಟಿತು. ಅದನ್ನು ನೋಡಲೆಂದೇ ಅರ್ಧ ಊರು ಅಲ್ಲಿಯೇ ಕುಳಿತಿತ್ತು. ರಘುನಂದನ ಮೇಜಿನ ಮೇಲೆ ಹತ್ತಿ, ತಗ್ಗಿದ ದನಿಯಲ್ಲೇ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ. “ಪ್ಯಾನೆಲ್ ಸೋತಿದೆ. ಕಪ್ಪತ ಗೆದ್ದಿದೆ. ಮಾತು ಉಳಿಯತ್ತೆ.” ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ. ಅವನಲ್ಲಿ ಅದೊಂದು ಗುಣ ಇತ್ತು, ದಾಕ್ಷಾಯಣಿಯೂ ಒಪ್ಪಿದಳು.

ಮರುದಿನ ಗದಗಿನ ನಿಯಂತ್ರಣ ಕೊಠಡಿಯಲ್ಲಿ ಪೇಢೆ ಹಂಚಿದರು. ಗೋಡೆಯ ಪರದೆಯ ಮೇಲೆ ಊರೂರಿನಿಂದ ಹೊಸ ಫಲಕಗಳ ಚಿತ್ರ ಬಂದು ಬೀಳುತ್ತಿದ್ದವು. ‘ಹೊಲದ ದೆಸೆಯಿಂದ ಹಂದಿಯ ಗಂಟೆ.’ ‘ಅಜ್ಜಿಯ ಕೋಣೆಗೆ ಬೆಳಕು.’ ‘ಮಜ್ಜಿಗೆಗೆ ತಂಪು’ ಎಂಬುದು ಬೆಟಗೇರಿಯ ಖಾನಾವಳಿಯದು.

ರಘುನಂದನ ಅವಳ ಮುಂದೆ ಬಂದು ನಿಂತ. “ಇನ್ನು ನಿಮ್ಮದೊಂದು ಸಮಿತಿ ಮಾಡ್ತೀನಿ. ಹೊಸ ಮಾತು ಸೇರಿಸ್ಬೇಕಂದ್ರೆ ಸಮಿತಿ ಒಪ್ಪಬೇಕು. ನೀವೇ ಅಧ್ಯಕ್ಷೆ. ಕಾವಲಿಲ್ದೆ ಬಿಟ್ರೆ ಕಷ್ಟ.”

“ಅಕ್ಕು ಪೂಜಾರ್ತಿ ಸಮಿತೀನ ಕೇಳಿ ಬರದ್ಲೇನ್ರಿ?”

“ಅದು ಬೇರೆ...”

“ಬ್ಯಾರೆ ಅಲ್ಲ, ಅದಽ ಇದು. ಹೊಸಾ ಮಾತು ಸೇರಿಸೂ ಗುಂಡಿ ಎಲ್ಲಾ ಪ್ರತಿಯೊಳಗೂ ಇಟ್ಟು ಬಿಟ್ಟೀನಿ. ನಿನ್ನೆ ಹೊಳೆಬಾಗಿಲಾಗ ಭರತ, ಇಳಿತ ಅಂತ ಅವ್ರಽ ಸೇರಿಸ್ಕೊಂಡ್ರು. ಬರೀ ಹೆಸರು ಯಾರ್ನೂ ಕಚ್ಚಂಗಿಲ್ಲ. ಬಾಲ ಹಚ್ಚಿದಾಗಽ ಕೆಲಸ. ಬಾಲ ಹಚ್ಚಾಕ ಎಲ್ಲಾರಿಗೂ ಬರತೈತಿ. ಕಾವಲು ಯಾಕ ಬೇಕ್ರಿ?”

ರಘುನಂದನನ ಮುಖ ಕೆಂಪಾಯಿತು. ಮೊದಲ ಬಾರಿ ದನಿ ಏರಿಸಿದ. “ನನ್ನನ್ನ ಕೇಳದೇನೇ?”

“ಕೇಳಿದ್ರ ಬ್ಯಾಡ ಅಂತಿದ್ರಿ.”

ಅವನು ಗೋಡೆಯತ್ತ ತಿರುಗಿದ. ಪರದೆಯ ಮೇಲೆ ಫಲಕಗಳು ಬೀಳುತ್ತಲೇ ಇದ್ದವು. ಎಲ್ಲೂ ಒಂದು ಬಿರಡೆಯೂ ತಪ್ಪಿ ತೆರೆದಿರಲಿಲ್ಲ. ಕೊನೆಗೆ ನಕ್ಕುಬಿಟ್ಟ. “ಸರಿ. ಬಿಡಿ. ಸಮಿತಿ ಬೇಡ. ಆದ್ರೆ ನೀವು ಇರಿ ಮೇಡಂ. ಅವತ್ತು ಸಿಟ್ಟಲ್ಲಿ ಆಡಿದ ಮಾತು ಅದು.”

“ಸಿಟ್ಟಿನಾಗ ಆಡಿದ್ರೂ ಮಾತಽ. ಇಷ್ಟ್ ದಿನ ಮಾತಿಗೆ ಕೆಲಸ ಐತಿ ಅಂತ ನಿಮ್ಮ ಜೋಡಿ ಬಡದಾಡಿ, ಈಗ ನನ್ನ ಮಾತಿಗೆ ಕೆಲಸಿಲ್ಲ ಅನ್ನಲೇನು?”

ಅವಳು ಕುಳಿತು ಒಂದೇ ಒಂದು ಮಾತು ಟೈಪ್ ಮಾಡಿ ಅಚ್ಚು ಹಾಕಿದಳು. ಚೀಟಿಯನ್ನು ತಂದು ಬಾಗಿಲಿನ ಮೇಲೆ, ಆ ಓಡುವ ಮನುಷ್ಯನ ಮತ್ತು ಬಾಣದ ನೆತ್ತಿಯ ಮೇಲೆಯೇ, ಅಂಗೈಯಿಂದ ಬಡಿದು ಅಂಟಿಸಿದಳು.

‘ಹೊರಗೆ.’

ಚತುರ್ಥಿ ವಿಭಕ್ತಿ. ಬಾಗಿಲು ಒಂದು ಗಳಿಗೆಯೂ ಅನುಮಾನಿಸದೆ ಹಾರುಹೊಡೆಯಿತು. ದಾಕ್ಷಾಯಣಿ ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿದ್ದ ಅರ್ಧ ಪೇಢೆ ಬಾಯಿಗೆ ಹಾಕಿಕೊಂಡು, ಬಿಸಿಲಿಗೆ ಇಳಿದಳು. ಹಿಂದೆ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಆಚೆ ಬದಿಗೆ ಅವಳು ಏನನ್ನೂ ಅಂಟಿಸಿರಲಿಲ್ಲ. ಎರಡೂ ಬದಿಗೆ ಬಾಗಿಲು ತೆರೆಸುತ್ತಿದ್ದ ಹಳೆಯ ಐಕಾನು ಚೀಟಿಯಡಿ ಸತ್ತಿತ್ತು. ಊಟಕ್ಕೆ ಹೋಗಿ ಬಂದ ರಘುನಂದನ ಹೊರಗೇ ಉಳಿದ. ತಟ್ಟಿದ, ಒತ್ತಿದ, ಬೈದ. ಕೊನೆಗೆ ಮುಂದಿನ ಕಚೇರಿಯ ಯಂತ್ರದ ಮುಂದೆ ಕುಳಿತು, ಅಕ್ಷರ ಹುಡುಕಿ ಹುಡುಕಿ, ತನ್ನ ಕೈಯಾರೆ ಕಪ್ಪತದಲ್ಲಿ ಮೊದಲ ಮಾತು ಟೈಪ್ ಮಾಡಿದ. ‘ಒಳಗೆ.’

ಅಚ್ಚಾದ ಚೀಟಿಯನ್ನು ಹೊರಬದಿಗೆ ಅಂಟಿಸಿದ್ದೇ ಬಾಗಿಲು ತೆರೆಯಿತು. ಆ ಚೀಟಿ ಇವತ್ತಿಗೂ ಅಲ್ಲೇ ಇದೆ. ಎಷ್ಟೋ ಜನ ಅದನ್ನು ಓದಿ ಒಳಗೆ ಹೋಗಿದ್ದಾರೆ. ದಾಕ್ಷಾಯಣಿ ಮಾತ್ರ ಹೋಗಲಿಲ್ಲ.